ಎಲೆಯ ಮೇಲೆ ಅಡ್ಡ ಹಿಡಿದ ಕೈ

ಕಪಿಲೆಯ ದಡದಲ್ಲಿ ಒಂದು ಸಣ್ಣ ಮಠ. ಮಠಕ್ಕೆ ಒಬ್ಬರು ಮುದಿ ಗುರು, ಗುರುವಿಗೆ ಒಬ್ಬ ಶಿಷ್ಯ.

ಗುರುವನ್ನು ಸುತ್ತಲಿನ ಊರಿನವರು ಬುದ್ಧಿ ಎಂದು ಕರೆಯುತ್ತಿದ್ದರು. ಆ ಸೀಮೆಯಲ್ಲಿ ಸ್ವಾಮಿಗಳನ್ನು ಹಾಗೆ ಕರೆಯುವುದೇ ವಾಡಿಕೆ. ಅವರ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಹೊಳೆಯ ಮೆಟ್ಟಿಲು ಇಳಿಯಬೇಕಾದರೆ ಶಿಷ್ಯನ ಭುಜ ಹಿಡಿಯಬೇಕು.

ಶಿಷ್ಯನ ಹೆಸರು ಗುರುಮಲ್ಲ. ಮಠಕ್ಕೆ ಬರುವ ಮೊದಲು ಅವನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು.

ಕೆಲಸ ಬಿಟ್ಟರೂ ಮೇಷ್ಟ್ರುತನ ಅವನನ್ನು ಬಿಟ್ಟಿರಲಿಲ್ಲ. ಸಂಜೆ ಹೊತ್ತು ಮಠಕ್ಕೆ ಓದಲು ಬರುವವರಿಗಾಗಿ ಒಂದು ಪದಕೋಶ ಬರೆಯುತ್ತಿದ್ದ. ಇಂಗ್ಲಿಷಿನ ದಿನಬಳಕೆಯ ಒಂದೊಂದೇ ಪದ, ಅದರ ಎದುರಿಗೆ ಕನ್ನಡದ ಅರ್ಥಗಳು. ಬರೆದದ್ದನ್ನು ಗುರುಗಳಿಗೆ ಓದಿ ಹೇಳುತ್ತಿದ್ದ. ಗುರುಗಳು "ಆಗಲಿ" ಅಂದರೆ ಆ ಪದ ಮುಗಿದ ಹಾಗೆ.

ಗುರುಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದರಿಂದ ಇಬ್ಬರಿಗೂ ಏನೂ ತೊಂದರೆಯಾಗಿರಲಿಲ್ಲ.

ಒಂದು ಸಂಜೆ ಗುರುಮಲ್ಲ ಓದಿದ. "ಇನಫ್."

"ಹಾಗಂದರೆ?"

"ಸಾಕು. ಸಾಕಷ್ಟು. ಬೇಕಾದಷ್ಟು. ಯಥೇಷ್ಟ. ಧಾರಾಳ. ತೃಪ್ತಿಯಾಗುವಷ್ಟು. ಇಂಗ್ಲಿಷಿನಲ್ಲೇ ಇದಕ್ಕೆ ಹತ್ತಿರದವು ಅಂದರೆ ಸಫಿಶಿಯೆಂಟ್, ಆಡಿಕ್ವೇಟ್, ಪ್ಲೆಂಟಿ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇದೆ ಬುದ್ಧಿ. ಅದನ್ನೂ ಬರೆದಿದ್ದೀನಿ."

ಗುರುಗಳು ಆಗಲಿ ಅನ್ನಲಿಲ್ಲ.

"ಇಷ್ಟರಲ್ಲಿ ನೀನು ಕಿವಿಯಾರೆ ಕೇಳಿದ್ದು ಯಾವುದು?"

"ಎಲ್ಲವನ್ನೂ ಕೇಳಿದ್ದೀನಿ."

"ಮರೆಯೋಕಾಗದ್ದು?"

ಗುರುಮಲ್ಲ ಹೇಳಿದ. "ಸಾಕು ಅನ್ನೋದು."

"ಯಾರು ಅಂದದ್ದು?"

"ನಮ್ಮಣ್ಣ."

ಅಷ್ಟು ಹೇಳಿ ಅವನು ಪುಸ್ತಕ ಮುಚ್ಚಿದ. ಉಳಿದದ್ದು ಗುರುಗಳಿಗೆ ಗೊತ್ತಿತ್ತು. ಕಥೆ ಓದುವವರಿಗೂ ಗೊತ್ತಿರಲಿ.

ಗುರುಮಲ್ಲನ ಅಣ್ಣ ರಾಚಪ್ಪ. ಅಪ್ಪ ಅವ್ವ ಬೇಗ ತೀರಿಕೊಂಡ ಮನೆಯಲ್ಲಿ ತಮ್ಮನನ್ನು ಎತ್ತಿ ಆಡಿಸಿದವನೂ ಅವನೇ, ಓದಿಸಿದವನೂ ಅವನೇ. ತಾನು ಮಾತ್ರ ಹೆಬ್ಬೆಟ್ಟು. ಮಗಳ ನಿಶ್ಚಿತಾರ್ಥದ ದಿನ, ಚಪ್ಪರದಡಿ ಬೀಗರೆಲ್ಲ ಕೂತಿದ್ದಾಗ, ತಮ್ಮನ ಹೆಗಲ ಮೇಲೆ ಕೈ ಹಾಕಿ ಹೇಳಿದ್ದ. "ಇವನು ನನ್ನ ತಮ್ಮ. ಹೆಡ್‌ಮೇಷ್ಟ್ರು."

ಗುರುಮಲ್ಲನಿಗೆ ತಪ್ಪು ಕೇಳಿಸಿಕೊಂಡು ಸುಮ್ಮನಿರುವ ಅಭ್ಯಾಸವಿರಲಿಲ್ಲ. "ಹೆಡ್‌ಮೇಷ್ಟ್ರಲ್ಲ. ಅಸಿಸ್ಟೆಂಟ್ ಮೇಷ್ಟ್ರು," ಅಂದ.

ಬೀಗರು ನಕ್ಕರು. ಒಬ್ಬರು ಸ್ವಲ್ಪ ಜೋರಾಗಿಯೇ ನಕ್ಕರು.

ಆಮೇಲೆ ಹಿತ್ತಲಿನಲ್ಲಿ ರಾಚಪ್ಪ ತಮ್ಮನ ಮುಖ ನೋಡದೆ ಹೇಳಿದ. "ಸಾಕು ಕಣಪ್ಪ. ನಿನ್ನ ಸಾವಾಸ ಸಾಕು. ನಡಿ."

ಗುರುಮಲ್ಲ ನಡೆದ. ಅಂದಿನಿಂದ ಅಣ್ಣನ ಹೊಸಿಲು ತುಳಿದಿರಲಿಲ್ಲ. ಶಾಲೆಯ ಊರಿನಲ್ಲೂ ಮನಸ್ಸು ನಿಲ್ಲದೆ ಈ ದಡಕ್ಕೆ ಬಂದು ಸೇರಿದ. ಈಗ ಅವನಿಗೆ ಬೇಕಾಗಿದ್ದದ್ದು ಒಂದೇ, ಗುರುಗಳ ಕೈಯಿಂದ ಕಾವಿ.

ಆ ಸಂಜೆ ಅವನು ಅದನ್ನು ಮತ್ತೆ ಕೇಳಿದ.

ಗುರುಗಳು ಅಂದರು, "ಕಾವಿ ಕೊಡೋಕೆ ಮುಂಚೆ ಮನೆಯ ಹಿರಿಯರ ಒಪ್ಪಿಗೆ ತಗೋಬೇಕು. ಈ ಮಠದ ಪದ್ಧತಿ ನಿನಗೆ ಗೊತ್ತಲ್ಲ."

"ನಮ್ಮ ಮನೆಯ ಹಿರಿಯರು ಸಾಕು ಅಂದಿದ್ದಾರೆ ಬುದ್ಧಿ. ಅದಕ್ಕಿಂತ ಒಪ್ಪಿಗೆ ಏನು ಬೇಕು?"

ಗುರುಗಳು ಹೊಳೆಯ ಕಡೆ ಮುಖ ತಿರುಗಿಸಿದರು.

"ನಾಳೆಯಿಂದ ದಾಸೋಹದಲ್ಲಿ ನೀನು ಅನ್ನ ಬಡಿಸು," ಅಂದರು.

"ಬಡಿಸೋಕೆ ಊರಿನವರು ಬರ್ತಾರಲ್ಲ ಬುದ್ಧಿ. ಪದಕೋಶ ಅರ್ಧಕ್ಕೇ ನಿಂತಿದೆ."

"ಆ ಪದ ಮುಗಿಯೋವರೆಗೆ ಬಡಿಸು."

*

ಮಠದ ದಾಸೋಹಕ್ಕೆ ಕೆಲವು ಕಟ್ಟಳೆಗಳಿದ್ದವು. ಎಲೆಯಲ್ಲಿ ಒಂದು ಅಗುಳೂ ಬಿಡುವಂತಿಲ್ಲ, ಬಡಿಸಿದ್ದು ಪ್ರಸಾದ. ಎಲ್ಲ ಎಲೆಗೂ ಅನ್ನ ಬಿದ್ದ ಮೇಲೆ ಗುರುಗಳು ಪಂಕ್ತಿಯ ತುದಿಯಿಂದ ಕೇಳುತ್ತಾರೆ, "ಎಲ್ಲ ಎಲೆಗೂ ಬಿತ್ತಾ?" ಬಡಿಸುವವನು "ಬಿತ್ತು ಬುದ್ಧಿ" ಅನ್ನಬೇಕು. ಆಗ ಗುರುಗಳು ಮೊದಲ ತುತ್ತು ಎತ್ತುತ್ತಾರೆ. ಅಲ್ಲಿಯವರೆಗೆ ಯಾರೂ ಎಲೆಗೆ ಕೈ ಹಾಕುವುದಿಲ್ಲ.

ಆಮೇಲೆ ಎರಡನೆಯ ಸುತ್ತು. ಬೇಕಾದವರಿಗೆ ಬೇಕಾದಷ್ಟು.

ಗುರುಮಲ್ಲ ಈ ಕೆಲಸವನ್ನೂ ಮೇಷ್ಟ್ರ ಹಾಗೆಯೇ ಮಾಡಿದ. ಎಲೆಯ ಮುಂದೆ ನಿಲ್ಲುವುದು, "ಅನ್ನ?" ಎಂದು ಕೇಳುವುದು, "ಸಾಕು" ಎಂದು ಕೇಳಿಸಿದ ಕೂಡಲೇ ಮುಂದಿನ ಎಲೆಗೆ ಹೋಗುವುದು. ಒಂದು ಅಗುಳು ಹಾಳಾಗಲಿಲ್ಲ. ಪಂಕ್ತಿ ಎಂದಿಗಿಂತ ಬೇಗ ಎದ್ದಿತು. ಪಾತ್ರೆಯಲ್ಲಿ ಅನ್ನ ಮಿಕ್ಕಿತು.

"ಎಲ್ಲರಿಗೂ ಸಾಕಾಯ್ತಾ?" ಗುರುಗಳು ಕೇಳಿದರು.

"ಎಲ್ಲರೂ ಸಾಕು ಅಂದರು ಬುದ್ಧಿ."

"ನಡಿ, ಹೊಳೆಯ ಕಡೆ ಹೋಗಿ ಬರೋಣ."

ಗುರುಮಲ್ಲನ ಭುಜ ಹಿಡಿದು ಗುರುಗಳು ಮೆಟ್ಟಿಲಿಳಿದರು. ಕೆಳಗೆ ನೀರಿನ ಸದ್ದಾಯಿತು.

"ಯಾರೋ ಇದ್ದಾರೆ," ಅಂದರು ಗುರುಗಳು.

"ಒಬ್ಬ ಹೆಂಗಸು ಬುದ್ಧಿ. ಕಂಕುಳಲ್ಲಿ ಕೂಸಿದೆ. ಆಗ ಪಂಕ್ತಿಯಲ್ಲಿ ಕೂತಿದ್ದರು."

"ಏನು ಮಾಡ್ತಿದ್ದಾರೆ?"

"ಬೊಗಸೆಯಲ್ಲಿ ನೀರು ಕುಡೀತಿದ್ದಾರೆ."

"ಈಗ?"

"ಈಗಲೂ ಕುಡೀತಿದ್ದಾರೆ."

ಗುರುಗಳು ದನಿ ಎತ್ತಿ ಕೇಳಿದರು. "ತಾಯಿ, ಊಟ ಆಯ್ತಾ?"

ಹೆಂಗಸು ಸೆರಗು ಎಳೆದುಕೊಂಡು ಎದ್ದು ನಿಂತಳು. "ಆಯ್ತು ಬುದ್ಧಿ. ಹೊಟ್ಟೆ ತುಂಬ ಆಯ್ತು."

"ದಾರಿ ದೂರ ಅಲ್ಲವಾ? ಮನೆಯೋರಿಗೆ ಅಂತ ಒಂದು ಬುತ್ತಿ ಕಟ್ಟಿಸ್ತಿದ್ದೀನಿ. ಬೇಡ ಅನ್ನಬೇಡ, ಅದು ನಿನಗಲ್ಲ."

ಅವಳು ಬೇಡ ಅನ್ನಲಿಲ್ಲ. ಗುರುಮಲ್ಲ ಓಡಿಹೋಗಿ ಮಿಕ್ಕ ಅನ್ನ ಕಟ್ಟಿಸಿ ತಂದುಕೊಟ್ಟ. ಸ್ವಲ್ಪ ದೂರ ನಡೆದು, ಹುಣಸೆ ಮರದ ಮರೆಯಲ್ಲಿ ಅವಳು ಕೂತದ್ದು ಅವನಿಗೆ ಕಾಣಿಸಿತು. ಗಂಟು ಬಿಚ್ಚುವ ಕೈಗೆ ಅವಸರವಿತ್ತು.

ಗುರುಮಲ್ಲನ ಮುಖ ಸಣ್ಣದಾಯಿತು.

"ಏನು ಕಾಣ್ತಿದೆ?" ಗುರುಗಳು ಕೇಳಿದರು.

"ತಪ್ಪು ಮಾಡಿದೆ ಬುದ್ಧಿ."

"ನಾನು ಕೇಳಿದ್ದು ಅದಲ್ಲ," ಎಂದು ಗುರುಗಳು ಅವನ ಭುಜ ಹಿಡಿದು ಮೆಟ್ಟಿಲು ಹತ್ತಿದರು.

*

ಮಾರನೆಯ ದಿನ ಗುರುಮಲ್ಲ ಹೊಸ ಮನುಷ್ಯನಾಗಿದ್ದ.

ಯಾರು ಸಾಕು ಅಂದರೂ ಬಿಡಲಿಲ್ಲ. "ನಾಚ್ಕೋಬೇಡಿ, ಹಾಕಿಸ್ಕೊಳ್ಳಿ" ಎಂದು ಬಡಿಸಿದ. ಅಡ್ಡ ಬಂದ ಕೈಗಳನ್ನು ಸರಿಸಿ ಬಡಿಸಿದ. ಪುಣ್ಯ ಸಂಪಾದನೆಯ ಉಮೇದು ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅಂಥ ಉಮೇದಿನ ಎದುರಿಗೆ ಸಿಕ್ಕಿಬಿದ್ದವರ ಪಾಡು ಯಾರಿಗೂ ಬೇಡ.

ಪಕ್ಕದೂರಿನ ಮುದುಕರೊಬ್ಬರು ಸಿಕ್ಕಿಬಿದ್ದರು. ಒಂದು ಸೌಟಿಗೇ ಸಾಕು ಅಂದಿದ್ದ ಅವರ ಎಲೆಯಲ್ಲಿ ಈಗ ಗುಡ್ಡೆಯಷ್ಟು ಅನ್ನ. ಬಿಟ್ಟೇಳುವಂತಿಲ್ಲ. ಅವರು ಒಂದೊಂದೇ ತುತ್ತು ನುಂಗಿದರು. ಹಣೆಯಲ್ಲಿ ಬೆವರು ಬಂತು. ಕೊನೆಯವರು ಮುಗಿಸುವವರೆಗೆ ಪಂಕ್ತಿ ಏಳುವಂತಿಲ್ಲವಾದ್ದರಿಂದ ಎಲ್ಲರೂ ಒಣಗಿದ ಕೈ ಹಿಡಿದುಕೊಂಡು ಅವರನ್ನೇ ನೋಡುತ್ತ ಕೂತರು.

ಕೈ ತೊಳೆಯುವಾಗ ಮುದುಕರು ಗುರುಮಲ್ಲನನ್ನು ಕೇಳಿದರು. "ಮಗಾ, ನಿಂಗೆ ನನ್ ಮ್ಯಾಲೆ ಏನು ಸಿಟ್ಟು?"

ಆ ಸಂಜೆ ಅವನು ಪದಕೋಶ ತೆರೆಯಲಿಲ್ಲ. ಗುರುಗಳ ಮುಂದೆ ಬಂದು ಕೂತ.

"ಸಾಕು ಅಂದಾಗ ನಿಲ್ಲಿಸಿದೆ, ತಪ್ಪಾಯಿತು. ಸಾಕು ಅಂದಾಗ ನಿಲ್ಲಿಸಲಿಲ್ಲ, ಅದೂ ತಪ್ಪಾಯಿತು. ಯಾವ ಸಾಕು ನಿಜ, ಯಾವ ಸಾಕು ಸುಳ್ಳು ಅಂತ ತಿಳಿಯೋದು ಹೇಗೆ ಬುದ್ಧಿ?"

"ನಿನ್ನೆ ಹೇಗೆ ಬಡಿಸಿದೆ?"

"ಕೇಳಿಸಿಕೊಂಡು ಬಡಿಸಿದೆ."

"ಇವತ್ತು?"

"ಕೇಳಿಸಿಕೊಳ್ಳದೆ ಬಡಿಸಿದೆ."

"ಎರಡು ದಿನವೂ ಕಿವಿಯಿಂದಲೇ ಬಡಿಸಿದೆಯಲ್ಲಪ್ಪ," ಅಂದರು ಗುರುಗಳು. "ನನಗೇನೋ ಕಣ್ಣಿಲ್ಲ. ನಿನಗಿದೆ."

*

ಗುರುಮಲ್ಲ ನೋಡುವುದನ್ನು ಕಲಿತ. ಅದು ಒಂದು ದಿನದಲ್ಲಿ ಬರಲಿಲ್ಲ.

ನಿಜವಾಗಿ ಸಾಕಾದವರು ಅಂಗೈ ಅಗಲಿಸಿ ಎಲೆಗೆ ಹತ್ತಿರ ಹಿಡಿಯುತ್ತಾರೆ. ಮೈಯನ್ನೇ ಎಲೆಯ ಮೇಲೆ ಬಾಗಿಸುತ್ತಾರೆ. ಸಂಕೋಚಕ್ಕೆ ಸಾಕು ಅನ್ನುವವರ ಕೈ ಮೇಲೆಯೇ ನಿಲ್ಲುತ್ತದೆ, ಬೆರಳುಗಳ ನಡುವೆ ಸಂದಿ ಇರುತ್ತದೆ. ಬಡಿಸುವವನು ಮುಂದೆ ಹೋದರೆ ಅವರ ಕಣ್ಣು ಸೌಟಿನ ಹಿಂದೆಯೇ ಹೋಗುತ್ತದೆ. ಇನ್ನು ಕೆಲವರು ಸಾಕು ಅಂದು ಪಕ್ಕದಲ್ಲಿರುವ ಮಗುವಿನ ಎಲೆ ನೋಡುತ್ತಾರೆ. ಅವರಿಗೆ ಬಡಿಸಬಾರದು, ಮಗುವಿಗೆ ಬಡಿಸಬೇಕು. ಆಮೇಲೆ ಬಂದು ಅವರಿಗೆ ಬಡಿಸಬೇಕು.

ಇದನ್ನೆಲ್ಲ ಅವನು ಎಲ್ಲಿಯೂ ಬರೆದುಕೊಳ್ಳಲಿಲ್ಲ.

ಊಟದವರು ಅವನ ಹೆಸರು ಹಿಡಿದು ಮಾತಾಡಿಸತೊಡಗಿದರು. ಬೆವರು ಹರಿಸಿದ ಮುದುಕರೂ ಮತ್ತೆ ಬಂದರು. ಅವರು ಕೈ ಅಡ್ಡ ಹಿಡಿಯುವ ಮೊದಲೇ ಗುರುಮಲ್ಲ ಮುಂದೆ ಹೋದದ್ದು ನೋಡಿ, "ಕಲ್ತುಬುಟ್ಟೆ ಕಣಪ್ಪ," ಅಂದರು.

ಗುರುಮಲ್ಲನಿಗೆ ಆ ದಿನ ಬಹಳ ಸಂತೋಷವಾಯಿತು. ಇನ್ನು ಕಾವಿ ಕೇಳಬಹುದು ಅಂದುಕೊಂಡ.

ಅವನಿಗೆ ತಿಳಿಯದಿದ್ದದ್ದು ಒಂದಿತ್ತು. ಗುರುಗಳು ದೋಣಿಯವನ ಕೈಯಲ್ಲಿ ಆಚೆ ದಡದಲ್ಲಿರುವ ರಾಚಪ್ಪನ ಊರಿಗೆ ಹೇಳಿಕಳಿಸಿದ್ದರು. ನಿನ್ನ ತಮ್ಮ ಕಾವಿ ಕೇಳುತ್ತಿದ್ದಾನೆ, ಬಂದು ಒಪ್ಪಿಗೆ ಹೇಳಿ ಹೋಗು ಎಂದು.

*

ಒಂದು ಸೋಮವಾರ ಗುರುಮಲ್ಲ ಅನ್ನದ ಪಾತ್ರೆ ಹಿಡಿದು ಪಂಕ್ತಿಯ ಕೊನೆಗೆ ಬಂದ. ಕೊನೆಯ ಎಲೆಯ ಮುಂದೆ ಕೂತಿದ್ದವನು ತಲೆ ತಗ್ಗಿಸಿದ್ದ. ತಲೆಯೆಲ್ಲ ಬೆಳ್ಳಗಾಗಿತ್ತು. ಹೆಗಲ ಮೇಲೆ ಮಡಿಸಿದ ಟವಲ್ಲು. ಆ ಟವಲ್ಲು ಮಡಿಸುವ ರೀತಿಯನ್ನು ಗುರುಮಲ್ಲ ಹುಟ್ಟಿದಾಗಿನಿಂದ ನೋಡಿದ್ದ.

"ಅನ್ನ," ಅಂದ. ದನಿ ತನ್ನದಲ್ಲ ಅನ್ನಿಸಿತು.

ರಾಚಪ್ಪ ತಲೆ ಎತ್ತಲಿಲ್ಲ. ಖಾಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದ.

"ಸಾಕು," ಅಂದ.

ಅದೇ ಮಾತು, ಅದೇ ದನಿ. ಗುರುಮಲ್ಲ ಕೈಯನ್ನು ನೋಡಲಿಲ್ಲ, ಕಣ್ಣನ್ನು ನೋಡಲಿಲ್ಲ. ಅಷ್ಟು ದಿನ ಕಲಿತದ್ದೆಲ್ಲ ಅವನಿಗೆ ಆ ಗಳಿಗೆಯಲ್ಲಿ ಮರೆತೇಹೋಯಿತು. ಅವನು ಮತ್ತೆ ಹಿತ್ತಲಿನಲ್ಲಿ ನಿಂತಿದ್ದ. ಸೌಟನ್ನು ಪಾತ್ರೆಯಲ್ಲಿಟ್ಟು ತಿರುಗಿದ.

ಪಂಕ್ತಿಯ ಆ ತುದಿಯಿಂದ ಗುರುಗಳು ಕೇಳಿದರು. "ಎಲ್ಲ ಎಲೆಗೂ ಬಿತ್ತಾ?"

ಬಿತ್ತು ಬುದ್ಧಿ ಅಂದುಬಿಟ್ಟಿದ್ದರೆ ಗುರುಗಳಿಗೆ ತಿಳಿಯುತ್ತಿರಲಿಲ್ಲ. ಆದರೆ ಗುರುಮಲ್ಲ ಒಂದು ತಪ್ಪು ಮಾತನ್ನೂ ಆಡದ ಮನುಷ್ಯ. ಅವನ ಗುಣವೂ ಅದೇ, ಕೇಡೂ ಅದೇ.

"ಒಂದು ಎಲೆ ಬಿಟ್ಟು ಬುದ್ಧಿ."

"ಯಾಕೆ?"

"ಅವರು ಸಾಕು ಅಂದರು."

ಗುರುಗಳು ತುತ್ತಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಹಾಗಾದರೆ ಕಾಯೋಣ," ಅಂದರು.

ಎಲ್ಲರೂ ಕೈ ಹಿಂದಕ್ಕೆ ತೆಗೆದರು. ಅನ್ನದಿಂದ ಹಬೆ ಏಳುತ್ತಿತ್ತು. ಯಾರದೋ ಒಂದು ಮಗು ಅವ್ವನ ಮುಖ ನೋಡಿತು. ಅವ್ವ ಅದರ ಕೈ ಹಿಡಿದುಕೊಂಡಳು. ಯಾರೂ ಮಾತಾಡಲಿಲ್ಲ, ಯಾರೂ ಗುರುಮಲ್ಲನನ್ನು ದುರುಗುಟ್ಟಿ ನೋಡಲೂ ಇಲ್ಲ. ಹಸಿದವರು ಹಾಗೆ ಸುಮ್ಮನೆ ಕಾಯುವುದನ್ನು ನೋಡುವುದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಹಬೆ ನಿಂತಿತು. ಅನ್ನ ಆರತೊಡಗಿತು.

ಗುರುಮಲ್ಲ ತಿರುಗಿ ಬಂದ. ಕೊನೆಯ ಎಲೆಯ ಮುಂದೆ ಪಾತ್ರೆ ಇಳಿಸಿ, ಕುಕ್ಕುರುಗಾಲಿನಲ್ಲಿ ಕೂತ.

"ಅಣ್ಣ."

ರಾಚಪ್ಪ ಎಲೆಯನ್ನೇ ನೋಡುತ್ತಿದ್ದ. "ಬುದ್ಧಿಯೋರು ಯೋಳಿ ಕಳ್ಸಿದ್ರು. ಒಪ್ಗೆ ಯೋಳ್ಬುಟ್ಟು ಹೋಗಕ್ಕೆ ಬಂದಿವ್ನಿ. ಉಣ್ಣಕ್ಕೆ ಬಂದಿಲ್ಲ."

"ಇಲ್ಲಿಗೆ ಬಂದು ಉಣ್ಣದೆ ಹೋಗಬಾರದು ಅಣ್ಣ."

"ನೀನು ಹೋಗ್ನಿಲ್ವಾ?"

ಗುರುಮಲ್ಲ ಪಾತ್ರೆಯ ಅಂಚು ಹಿಡಿದುಕೊಂಡ.

ರಾಚಪ್ಪ ಮೆಲ್ಲಗೆ ಹೇಳಿದ. ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ. "ಎಲೆ ಹಾಕಿತ್ತು ಕಣ್ಲಾ. ನನ್ ಪಕ್ಕದಲ್ಲೇ ನಿಂಗೆ ಎಲೆ ಹಾಕ್ಸಿದ್ದೆ. ಏನೋ ಒಂದು ಮಾತು ಅಂದೆ, ಅಣ್ಣ ಅಲ್ವಾ, ಬಾಯಿಗ್ ಬಂತು, ಅಂದೆ. ಬೀದಿ ಬಾಗ್ಲಲ್ಲಿ ವಸಿ ಹೊತ್ತು ನಿಂತ್ಕತಾನೆ, ಬತ್ತಾನೆ ಅಂದ್ಕಂಡೆ. ಎಲ್ರೂ ಉಂಡ್ರು. ಸಂಜೆಗಂಟ ಆ ಎಲೆ ಎತ್ತಕ್ಕೆ ಬುಡ್ನಿಲ್ಲ ನಾನು."

"ನೀನು ಸಾಕು ಅಂದೆ ಅಣ್ಣ."

"ಅಂದೆ. ನೀನು ತಿರುಗಿ ನೋಡಿದ್ಯಾ?"

ಗುರುಮಲ್ಲ ಈಗ ನೋಡಿದ.

ಎಲೆಯ ಮೇಲೆ ಹಿಡಿದ ಕೈ ಅಲ್ಲೇ ಇತ್ತು. ಬೆರಳುಗಳು ಒಂದಕ್ಕೊಂದು ತಾಗಿರಲಿಲ್ಲ. ಅಣ್ಣನ ಕಣ್ಣು ಸೌಟಿನ ಮೇಲಿರಲಿಲ್ಲ. ಅದು ತಮ್ಮನ ಕಾಲನ್ನು ನೋಡುತ್ತಿತ್ತು, ಚಪ್ಪಲಿಯಿಲ್ಲದೆ ಒಡೆದ ಹಿಮ್ಮಡಿಯನ್ನು.

ಗುರುಮಲ್ಲ ಸೌಟಿನಲ್ಲಿ ಅನ್ನ ತೆಗೆದುಕೊಂಡ. ಅಣ್ಣನ ಕೈಯ ಮೇಲೆ ಹಿಡಿದು ಕಾದ. ಬಲವಂತ ಮಾಡಲಿಲ್ಲ. ಕೈ ಸರಿಸಲಿಲ್ಲ.

"ಕೈ ತೆಗಿ ಅಣ್ಣ," ಅಂದ. "ಹೆಡ್‌ಮೇಷ್ಟ್ರು ಬಡಿಸ್ತಿದ್ದಾನೆ."

ರಾಚಪ್ಪ ತಲೆ ಎತ್ತಿದ. ಟವಲ್ಲನ್ನು ಮುಖಕ್ಕೆ ಒತ್ತಿಕೊಂಡ. ಮುಖ ಒರೆಸಲು ಎರಡೂ ಕೈ ಬೇಕಾಯಿತು.

ಎಲೆ ತೆರೆದುಕೊಂಡಿತು. ಗುರುಮಲ್ಲ ಬಡಿಸಿದ.

"ಬಿತ್ತು ಬುದ್ಧಿ," ಎಂದು ಕೂಗಿ ಹೇಳಿದ.

ಗುರುಗಳು ಆರಿದ ಅನ್ನದ ತುತ್ತು ಎತ್ತಿದರು.

*

ಊಟವಾದ ಮೇಲೆ ಗುರುಗಳು ಅಣ್ಣ ತಮ್ಮಂದಿರನ್ನು ಜಗಲಿಗೆ ಕರೆಸಿದರು. ಇಬ್ಬರೂ ಅಕ್ಕಪಕ್ಕ ಕೂತರು.

"ರಾಚಪ್ಪ, ನಿನ್ನ ತಮ್ಮ ಕಾವಿ ಕೇಳ್ತಿದ್ದಾನೆ. ಹಿರಿಯ ನೀನು. ನಿನ್ನ ಒಪ್ಪಿಗೆ ಇದೆಯಾ?"

ಇಷ್ಟು ವರ್ಷ ಗುರುಮಲ್ಲ ಕಾದಿದ್ದದ್ದು ಈ ಮಾತಿಗೆ.

ರಾಚಪ್ಪ ಹೇಳಿದ. "ನಂದೇನದೆ ಬುದ್ಧಿ. ದೇವ್ರ ಕೆಲ್ಸ. ನಾನ್ಯಾಕೆ ಬ್ಯಾಡ ಅನ್ಲಿ? ದಾರಾಳ್ವಾಗಿ ಕೊಡಿ. ನಮ್ಗೇನೂ ತೊಂದ್ರೆ ಇಲ್ಲ. ಎಲ್ಲ ನಡ್ಕಂಡು ಹೋಯ್ತದೆ."

ಗುರುಗಳು ತಲೆ ತೂಗಿದರು. ಆಮೇಲೆ ಶಿಷ್ಯನ ಕಡೆ ಮುಖ ತಿರುಗಿಸಿದರು.

"ಏನಂದ ನಿಮ್ಮಣ್ಣ?"

ಗುರುಮಲ್ಲ ಕೆಳಗೆ ನೋಡುತ್ತಿದ್ದ. ಪಕ್ಕದಲ್ಲಿ ಕೂತ ರಾಚಪ್ಪನ ಎಡಗೈ, ರಾಚಪ್ಪನಿಗೇ ಗೊತ್ತಿಲ್ಲದೆ, ಗುರುಮಲ್ಲನ ಪಂಚೆಯ ಅಂಚನ್ನು ಹಿಡಿದುಕೊಂಡಿತ್ತು. ಗುರುಮಲ್ಲ ಚಿಕ್ಕವನಿದ್ದಾಗ ಸಂತೆಯಲ್ಲಿ ಕಳೆದುಹೋಗದ ಹಾಗೆ ಅಣ್ಣ ಅವನ ಅಂಗಿ ಹಿಡಿಯುತ್ತಿದ್ದದ್ದು ಹೀಗೆಯೇ.

"ಕೊಡಬೇಡಿ ಅಂದ ಬುದ್ಧಿ," ಅಂದ ಗುರುಮಲ್ಲ.

ರಾಚಪ್ಪ ಗಾಬರಿಯಾದ. "ನಾನೆಲ್ಲಿ ಅಂಗಂದೆ?"

ಗುರುಗಳು ನಕ್ಕರು. ಅವರು ನಗುವುದು ಅಪರೂಪ.

"ಈಗೇನು ಮಾಡ್ತೀಯ?" ಎಂದು ಶಿಷ್ಯನನ್ನು ಕೇಳಿದರು.

ಗುರುಮಲ್ಲನಿಗೆ ಕಾವಿಯ ಆಸೆ ಸಣ್ಣದಾಗಿರಲಿಲ್ಲ. ಅದನ್ನು ಬಿಡುವುದು ಸುಲಭವಾಗಿತ್ತು ಅಂದರೆ ಸುಳ್ಳಾಗುತ್ತದೆ. ಅವನ ಕಣ್ಣಲ್ಲಿ ನೀರಿತ್ತು.

"ಕಾವಿ ಇರಲಿ ಬುದ್ಧಿ. ಮನೆಯಲ್ಲಿ ನಂದೊಂದು ಎಲೆ ಹಾಗೇ ಇದೆ. ಅದರ ಮುಂದೆ ಕೂತುಕೊಳ್ಳದೆ ಇಲ್ಲಿ ಎಷ್ಟು ಎಲೆಗೆ ಬಡಿಸಿದರೂ ಅಷ್ಟೇ."

ರಾಚಪ್ಪ ಪಂಚೆಯ ಅಂಚು ಬಿಟ್ಟು ಟವಲ್ಲು ಕೊಡವಿ, ಮತ್ತೆ ಮೊದಲಿನ ಹಾಗೆ ಮಡಿಸಿ ಹೆಗಲಿಗೆ ಹಾಕಿಕೊಂಡ.

*

ದೋಣಿ ಹೊರಡುವ ಹೊತ್ತಿಗೆ ಗುರುಮಲ್ಲ ಪದಕೋಶವನ್ನು ಗುರುಗಳ ಮುಂದೆ ಇಟ್ಟ.

"ಇನಫ್ ಅನ್ನೋ ಪದ ಹಾಗೇ ಉಳಿದಿದೆ ಬುದ್ಧಿ. ಅದರ ಎದುರಿಗೆ ಏನು ಬರೀಲಿ?"

"ಏನು ಬರೆದಿದ್ದೆ?"

"ಸಾಕು ಅಂತ."

"ಅದೇ ಇರಲಿ. ಪುಸ್ತಕದಲ್ಲಿ ಹಿಡಿಸೋದು ಅಷ್ಟೇ."

"ಉಳಿದದ್ದು?"

"ಆಗಲಿ," ಅಂದರು ಗುರುಗಳು. ಆ ಪದ ಮುಗಿಯಿತು.

ಗುರುಮಲ್ಲ ತನ್ನ ಬಟ್ಟೆಯ ಗಂಟು ತೆಗೆದುಕೊಂಡು ಮೆಟ್ಟಿಲಿಳಿದ. ಮುಂದೆ ರಾಚಪ್ಪ ಇಳಿದು ದೋಣಿ ಹತ್ತಿ ಕೂತ. ಅಂಬಿಗ ಹಗ್ಗ ಬಿಚ್ಚತೊಡಗಿದ.

ಹಿಂದೆ ಕೋಲಿನ ಸದ್ದಾಯಿತು.

ಗುರುಮಲ್ಲ ತಿರುಗಿ ನೋಡಿದ. ಗುರುಗಳು ಒಬ್ಬರೇ ಇಳಿದು ಬರುತ್ತಿದ್ದರು. ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈ ಭುಜವೊಂದನ್ನು ಹಿಡಿದಂತೆ ಗಾಳಿಯಲ್ಲಿ ಚಾಚಿತ್ತು. ಒಂದೊಂದು ಮೆಟ್ಟಿಲನ್ನೂ ಪಾದದಿಂದ ತಡವಿ ಇಳಿಯುತ್ತಿದ್ದರು.

ಗುರುಮಲ್ಲ ಓಡಿಹೋಗಿ ಆ ಕೈಯ ಕೆಳಗೆ ಭುಜ ಕೊಟ್ಟ. ಕೊನೆಯ ಮೆಟ್ಟಿಲಿನವರೆಗೆ ಇಬ್ಬರೂ ಜೊತೆಯಲ್ಲಿ ಇಳಿದರು.

"ನೀವು ಯಾಕೆ ಬಂದಿರಿ ಬುದ್ಧಿ?"

"ಹೊಳೆ ನೋಡೋಣ ಅಂತ," ಅಂದರು ಕಣ್ಣು ಕಾಣದ ಗುರುಗಳು.

ಗುರುಮಲ್ಲ ಅವರ ಪಾದಕ್ಕೆ ಹಣೆ ಹಚ್ಚಿದ. ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು. ಇಟ್ಟ ಕೈಯನ್ನು ತೆಗೆಯಲಿಲ್ಲ. ದೋಣಿಯವನು ಒಂದು ಸಲ ಕೂಗಿದ. ಕೈ ಅಲ್ಲೇ ಇತ್ತು.

"ಬುದ್ಧಿ," ಅಂದ ಗುರುಮಲ್ಲ, ತಲೆ ಎತ್ತದೆಯೇ. "ನಾನು ಇನ್ನೂ ಸ್ವಲ್ಪ ದಿನ ಇರಬೇಕಿತ್ತಾ?"

"ಸಾಕು," ಅಂದರು ಗುರುಗಳು. "ನಡಿ."